‘ಡು ಯು ಮೈಂಡ್?’ ಎಂದರೆ ‘ಯೆಸ್’ ಅನ್ನಬೇಡಿ

ಲಂಡನ್ನಿನ ರೈಲಿನಲ್ಲಿ ಕೂತಿದ್ದೀರಿ, ಪಕ್ಕದ ಸೀಟು ಖಾಲಿಯಿದೆ. ಎದುರಿಗೆ ನಿಂತವರೊಬ್ಬರು ಸ್ವಲ್ಪ ಬಗ್ಗಿ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದವರ ಬಾಯಲ್ಲಿ ತಟ್ಟನೆ ಬರುವುದು ‘ಯೆಸ್, ಯೆಸ್’. ಜೊತೆಗೆ ತುಂಬು ನಗು, ಜರುಗಿ ಜಾಗ ಕೊಡುವ ಸಡಗರ. ಕೇಳಿದವರು ಅರೆಕ್ಷಣ ತಬ್ಬಿಬ್ಬಾಗಿ, ಆ ನಗು ನೋಡಿ ಧೈರ್ಯ ತಂದುಕೊಂಡು ಕೂರುತ್ತಾರೆ. ಬಾಯಿ ಹೇಳಿದ್ದು ‘ನನಗೆ ಅಡ್ಡಿಯಿದೆ’ ಅಂತ, ಮುಖ ಹೇಳಿದ್ದು ‘ಬನ್ನಿ, ಕೂತ್ಕೊಳ್ಳಿ’ ಅಂತ. ರೈಲಿನಲ್ಲಾದರೆ ಮುಖ ಕಾಪಾಡುತ್ತದೆ. ಫೋನಿನಲ್ಲಿ, ಇಮೇಲಿನಲ್ಲಿ ಕಾಪಾಡುವುದಿಲ್ಲ. ‘ಬಾಯ್ಲರ್ ನೋಡೋಕೆ ಗುರುವಾರ ಬಂದರೆ ಮೈಂಡ್ ಮಾಡ್ತೀರಾ’ ಎಂದು ಮನೆ ಏಜೆಂಟ್ ಕೇಳಿದಾಗ ‘ಯೆಸ್’ ಎಂದಷ್ಟೇ ಉತ್ತರಿಸಿದರೆ ಗುರುವಾರ ಯಾರೂ ಬರದೇ ಇರಬಹುದು. ನೀವು ಚಳಿಯಲ್ಲಿ ಕಾಯುತ್ತಿರುತ್ತೀರಿ.

‘ಮೈಂಡ್’ ನಾಮಪದವಾಗಿ ಎಲ್ಲರಿಗೂ ಗೊತ್ತು: ಮನಸ್ಸು. ಗೋಜಲೆಲ್ಲ ಅದರ ಕ್ರಿಯಾಪದದ್ದು. ರೈಲಿನ ಪ್ರಶ್ನೆಯನ್ನು ನಾವು ಒಳಗೊಳಗೇ ಕನ್ನಡಕ್ಕೆ ತಿರುಗಿಸಿಕೊಳ್ಳುವುದು ‘ಇಲ್ಲಿ ಕೂರಬಹುದಾ?’ ಎಂದು. ಅಲ್ಲೇ ಎಡವುವುದು. ಮೈಂಡ್ ಎಂಬುದು ಒಪ್ಪಿಗೆ ಕೇಳುವ ಪದವಲ್ಲ, ಅಡ್ಡಿ ಕೇಳುವ ಪದ. ‘ನಾನಿಲ್ಲಿ ಕೂತರೆ ನಿಮಗೆ ಅಡ್ಡಿ ಉಂಟಾ?’ ಎಂದು ಕೇಳಿಸಿಕೊಂಡು ನೋಡಿ, ‘ಇಲ್ಲ’ ತಾನಾಗಿಯೇ ಬರುತ್ತದೆ. ಈ ವಿಷಯದಲ್ಲಿ ಉತ್ತರ ಕನ್ನಡ, ಕುಂದಾಪುರ, ಧಾರವಾಡದ ಕಡೆಯವರು ಅರ್ಧ ದಾರಿ ಮುಂದಿದ್ದಾರೆ. ‘ಅಡ್ಡಿಯಿಲ್ಲ’ ಅವರ ನಿತ್ಯದ ಮಾತು. ಉಳಿದವರ ‘ಪರವಾಗಿಲ್ಲ’ವೂ ಬೇರೆಯಲ್ಲ. ಚಿಂತೆ, ಲಕ್ಷ್ಯ ಎಂಬ ಅರ್ಥದ ಪಾರಸಿಯ ‘ಪರ್ವಾ’ ಉರ್ದುವಿನ ಹಾದಿಯಲ್ಲಿ ಬಂದು ಕನ್ನಡದ ‘ಇಲ್ಲ’ವನ್ನು ಕಟ್ಟಿಕೊಂಡದ್ದು ಅದು. ‘ಐ ಡೋಂಟ್ ಮೈಂಡ್’ಗೆ ಅಳತೆ ತೆಗೆದು ಹೊಲಿದಂತಿದೆ. ಒಂದೇ ವ್ಯತ್ಯಾಸ: ನಾವು ಯಾರನ್ನೂ ‘ನಿಮಗೆ ಪರವಾ ಇದೆಯಾ?’ ಎಂದು ಕೇಳುವುದಿಲ್ಲ, ಇಲ್ಲಿಯ ಬ್ರಿಟಿಷರು ದಿನಕ್ಕೆ ಹತ್ತು ಸಲ ಕೇಳುತ್ತಾರೆ.

ಹಾಗಾದರೆ ಇಲ್ಲಿಯವರೇ ‘ಯಾ, ಶೂರ್, ಗೋ ಅಹೆಡ್’ ಎನ್ನುತ್ತಾರಲ್ಲ? ಎನ್ನುತ್ತಾರೆ. ಅವರು ಪ್ರಶ್ನೆಯ ವ್ಯಾಕರಣವನ್ನು ಬಿಟ್ಟು ಅದರ ಹಿಂದಿನ ಕೋರಿಕೆಗೆ ಉತ್ತರ ಕೊಡುತ್ತಿರುತ್ತಾರೆ. ‘ಗೋ ಅಹೆಡ್’ ಎಂಬ ಬಾಲ ಇರುವುದರಿಂದ ಆ ‘ಯಾ’ ನಡೆಯುತ್ತದೆ. ಬಾಲವಿಲ್ಲದ ಬೋಳು ‘ಯೆಸ್’ ನಡೆಯುವುದಿಲ್ಲ. ‘ನಾಟ್ ಅಟ್ ಆಲ್’, ‘ಆಫ್ ಕೋರ್ಸ್ ನಾಟ್’, ‘ನೋ, ಗೋ ಅಹೆಡ್’ ಮೂರರಲ್ಲಿ ಒಂದನ್ನು ನಾಲಿಗೆಗೆ ಕೂರಿಸಿಕೊಂಡರೆ ಸಾಕು. ಅದೂ ಗಡಿಬಿಡಿಯಾದರೆ ಯೆಸ್, ನೋ ಎರಡನ್ನೂ ಬಿಟ್ಟು ‘ಪ್ಲೀಸ್ ಡು’ ಎನ್ನಿ.

ಇನ್ನೂ ಹುಳಿಯಾದದ್ದು ‘ಯು ಡೋಂಟ್ ಮೈಂಡ್, ಡು ಯು?’ ಕನ್ನಡದಲ್ಲಿ ‘ನಿಮಗೇನೂ ಬೇಜಾರಿಲ್ಲ ತಾನೆ?’ ಎಂದು ಕೇಳಿದರೆ ‘ಹೂಂ, ಏನಿಲ್ಲ’ ಎನ್ನಬಹುದು. ನಮ್ಮ ‘ಹೂಂ’ ಕೇಳಿದವರ ಮಾತಿಗೆ ಬೀಳುವ ಮುದ್ರೆ: ನೀವು ಹೇಳಿದ್ದು ಸರಿ ಅಂತ. ಇಂಗ್ಲಿಷಿನ ಯೆಸ್ ಅಂಥದ್ದಲ್ಲ. ಅದು ಇರುವುದಕ್ಕೆ ಮಾತ್ರ, ಇಲ್ಲದ್ದಕ್ಕೆ ನೋ. ಬೇಜಾರಿಲ್ಲದಿದ್ದರೆ ಪ್ರಶ್ನೆ ಹೇಗೇ ಬಂದರೂ ಉತ್ತರ ‘ನೋ’. ಇಲ್ಲಿ ಒಂದು ತಮಾಷೆಯೂ ಇದೆ. ಒಪ್ಪಿಗೆಗೆ ನಾವು ತಲೆಯನ್ನು ಅತ್ತಿತ್ತ ತೂಗುತ್ತೇವಲ್ಲ, ಅದು ಇಲ್ಲಿಯವರ ಕಣ್ಣಿಗೆ ‘ನೋ’ ಎಂದು ಕಾಣುತ್ತದೆ. ಬೇರೆಲ್ಲ ಕಡೆ ಗೊಂದಲ ಎಬ್ಬಿಸುವ ಈ ತೂಗಾಟ ‘ಡು ಯು ಮೈಂಡ್’ ಎದುರು ಮಾತ್ರ ಸರಿಯಾದ ಉತ್ತರವಾಗಿಬಿಡುತ್ತದೆ. ಬಾಯಿ ತೆರೆಯದಿದ್ದರಾಯಿತು.

ವಾಕ್ಯ ಕಟ್ಟುವಾಗ ನೋಡಬೇಕಾದದ್ದು ಕೆಲಸ ಯಾರದು ಎನ್ನುವುದನ್ನು. ‘ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?’ ಎಂದರೆ ಕಿಟಕಿ ತೆರೆಯಬೇಕಾದವರು ಎದುರಿನವರು. ‘ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದ ವಿಂಡೋ?’ ಎಂದರೆ ತೆರೆಯುವವರು ನೀವು. ಇವೆರಡು ಅದಲುಬದಲಾದರೆ, ನೀವು ಕಿಟಕಿಯತ್ತ ಹೆಜ್ಜೆ ಹಾಕುವಷ್ಟರಲ್ಲಿ ಮ್ಯಾನೇಜರ್ ಎದ್ದು ನಿಂತಿರುತ್ತಾರೆ. ಮೈಂಡ್ ನಂತರ ‘ಟು’ ಬರುವುದಿಲ್ಲ, ‘ಮೈಂಡ್ ಟು ಓಪನ್’ ತಪ್ಪು. ‘ಇಂಗ್’ ರೂಪವೇ ಬರಬೇಕು. ‘ಡು’ ಜೊತೆ ‘ಇಫ್ ಐ ಓಪನ್’, ‘ವುಡ್’ ಜೊತೆ ‘ಇಫ್ ಐ ಓಪನ್ಡ್’. ಇನ್ನೂ ತೆರೆಯದ ಕಿಟಕಿಗೆ ಭೂತಕಾಲ ಏಕೆ ಎಂದು ವ್ಯಾಕರಣದ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡಿಗರಿಗೆ ಆ ವಿವರಣೆ ಬೇಕಿಲ್ಲ. ‘ನಾಳೆ ಬಂದರೆ’, ‘ಕಿಟಕಿ ತೆರೆದರೆ’ ಎನ್ನುವಾಗ ನಾವೂ ‘ಬಂದ’, ‘ತೆರೆದ’ ಎಂಬ ಭೂತಕಾಲದ ರೂಪಕ್ಕೇ ‘ರೆ’ ಹಚ್ಚುತ್ತೇವೆ. ‘ತೆರೆದರೆ’ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ‘ಓಪನ್ಡ್’ ತಪ್ಪುವುದಿಲ್ಲ.

ಕೋರಿಕೆಗೆ ಕೊಡುವ ಉತ್ತರದಲ್ಲಿ ಬಾಯಿ ‘ನೋ’ ಎಂದರೂ ಕೈ ಕೆಲಸಕ್ಕೆ ಹೋಗಬೇಕು. ‘ನೋ, ಆಫ್ ಕೋರ್ಸ್’ ಎನ್ನುತ್ತಾ ಎದ್ದು ಕಿಟಕಿ ತೆರೆಯುವುದು ಇಲ್ಲಿಯ ಪದ್ಧತಿ. ನಿಜಕ್ಕೂ ಅಡ್ಡಿಯಿದ್ದಾಗ ‘ಯೆಸ್, ಐ ಮೈಂಡ್’ ಎನ್ನುವವರು ವಿರಳ. ಹಾಗಂದರೆ ಜಗಳಕ್ಕೆ ಬಂದಂತೆ. ‘ವೆಲ್, ಆ್ಯಕ್ಚುಯಲಿ...’ ಎಂದು ಎಳೆದು, ಕಾರಣವನ್ನಷ್ಟೇ ಹೇಳುತ್ತಾರೆ, ನಿರಾಕರಣೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ತೀರಾ ಹೇಳಲೇಬೇಕಾದರೆ ‘ಐಡ್ ರಾದರ್ ಯು ಡಿಡಂಟ್’. ಆ ‘ವೆಲ್’ ಕೇಳಿದ ಕೂಡಲೇ ಹಿಂದೆ ಸರಿಯುವುದು ಜಾಣತನ.

ಬ್ರಿಟನ್ನಿನ ಅಡುಗೆಮನೆಯಲ್ಲಿ ‘ಟೀ ಆರ್ ಕಾಫಿ?’ ಎಂಬ ಪ್ರಶ್ನೆಗೆ ‘ಐ ಡೋಂಟ್ ಮೈಂಡ್’ ಎಂದರೆ ‘ಯಾವುದಾದರೂ ಆದೀತು’. ಇದನ್ನೇ ‘ಐ ಡೋಂಟ್ ಕೇರ್’ ಎಂದರೆ ಕಪ್ಪು ಕುಕ್ಕಿದ ಸದ್ದು ಬರುತ್ತದೆ. ಎರಡಕ್ಕೂ ಕನ್ನಡದಲ್ಲಿ ‘ಏನಾದ್ರೂ ಪರವಾಗಿಲ್ಲ’ ಎಂದೇ ಇರುವುದರಿಂದ ನಮ್ಮವರು ಆಗಾಗ ಜಾರುತ್ತಾರೆ. ‘ಐ ವುಡಂಟ್ ಮೈಂಡ್ ಎ ಕಾಫಿ’ ಬೇರೆಯೇ ಮಾತು: ಅದು ‘ಕಾಫಿ ಸಿಕ್ಕರೆ ಬೇಡ ಅನ್ನೋದಿಲ್ಲ’ ಎಂಬ ನಮ್ಮ ಸಂಕೋಚದ ಬೇಡಿಕೆ. ಬೇಕೇ ಬೇಕು ಎಂದು ಅರ್ಥ. ಸಹೋದ್ಯೋಗಿಯೊಬ್ಬರು ಹೀಗೆಂದಾಗ ‘ಓಹೋ, ಬೇಡವಂತೆ’ ಎಂದುಕೊಂಡು ನಿಮ್ಮೊಬ್ಬರಿಗೇ ಕಾಫಿ ಮಾಡಿಕೊಂಡರೆ ಕೆಟ್ಟ ಹೆಸರು ಖಚಿತ.

‘ಮೈಂಡ್ ಯು’ ವಾಕ್ಯದ ತುದಿಗೋ ಮೊದಲಿಗೋ ಅಂಟಿಕೊಳ್ಳುವ ತುಣುಕು. ಹೇಳಿದ್ದನ್ನು ಸ್ವಲ್ಪ ಹಿಂದಕ್ಕೆ ಎಳೆಯುವುದು ಅದರ ಕೆಲಸ. ‘ಮನೆ ಚಿಕ್ಕದು, ಹಾಗಂತ ಬಾಡಿಗೆ ಏನೂ ಕಮ್ಮಿಯಿಲ್ಲ’ ಎನ್ನುವಲ್ಲಿನ ‘ಹಾಗಂತ’. ‘ನೆವರ್ ಮೈಂಡ್’ ಅಂದರೆ ‘ಹೋಗಲಿ ಬಿಡಿ’. ಗೆಳೆಯರ ನಡುವೆ ಇದು ಸಮಾಧಾನ, ಇಮೇಲಿನಲ್ಲಿ ಒಂಟಿಯಾಗಿ ನಿಂತರೆ ಮುನಿಸು. ನಡುವೆ ಒಂದು ‘ಯು’ ಸೇರಿ ‘ನೆವರ್ ಯು ಮೈಂಡ್’ ಆದರೆ ‘ನಿನಗ್ಯಾಕೆ ಅದೆಲ್ಲ’. ‘ನೂರು ಪೌಂಡೇ ಇಲ್ಲ, ನೆವರ್ ಮೈಂಡ್ ಸಾವಿರ’ ಎನ್ನುವಾಗ ‘ಸಾವಿರದ ಮಾತು ಹಾಗಿರಲಿ’.

‘ಡು ಯು ಮೈಂಡ್!’ ಎಂದು ಕೊನೆಗೆ ಸ್ವರ ಕೆಳಗಿಳಿದರೆ ಅದು ಪ್ರಶ್ನೆಯಲ್ಲ, ಬೈಗುಳ. ಸಾಲಿನಲ್ಲಿ ನುಗ್ಗಿದಾಗ, ಯಾರದೋ ಕಾಲು ತುಳಿದಾಗ ಬೀಳುತ್ತದೆ. ಇದಕ್ಕೆ ಯೆಸ್ಸೂ ಇಲ್ಲ, ನೋನೂ ಇಲ್ಲ, ‘ಸಾರಿ’ ಒಂದೇ. ಮಾರುಕಟ್ಟೆಯಲ್ಲಿ ಟ್ರಾಲಿ ತಳ್ಳುವವರು ಕೂಗುವ ‘ಮೈಂಡ್ ಯುವರ್ ಬ್ಯಾಕ್ಸ್!’ ಮಾತ್ರ ಬೈಗುಳವಲ್ಲ, ಕೆ.ಆರ್. ಮಾರ್ಕೆಟ್ಟಿನ ‘ಸೈಡ್, ಸೈಡ್!’ ಇದ್ದಂತೆ. ಬೆನ್ನು ನೋಡಿಕೊಳ್ಳುತ್ತ ನಿಲ್ಲಬೇಡಿ, ಜರುಗಿ.

ಅಡ್ಡಿ, ಎಚ್ಚರಿಕೆ, ಲಕ್ಷ್ಯ ಎಲ್ಲವೂ ಒಂದೇ ಪದಕ್ಕೆ ಹೇಗೆ ಅಂಟಿದವು? ಹಿಂದಕ್ಕೆ ಹೋದರೆ ಸಿಗುವುದು ನೆನಪು. ಹಳೆಯ ಇಂಗ್ಲಿಷಿನಲ್ಲಿ ‘ಯೆಮ್ಯುಂಡ್’ ಎಂಬ ನಾಮಪದವಿತ್ತು, ಅರ್ಥ ಸ್ಮರಣೆ. ಮುಂದಿನ ‘ಯೆ’ ಉದುರಿ ‘ಮಿಂಡ್’ ಉಳಿಯಿತು. ‘ಎನ್‌ಡಿ’ (nd) ಎಂಬ ಅಕ್ಷರಜೋಡಿಯ ಹಿಂದಿದ್ದ ‘ಇ’ ದೀರ್ಘವಾಯಿತು. 15ನೆಯ ಶತಮಾನದಿಂದ ಈಚೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದಾಗ ಆ ‘ಈ’ ‘ಐ’ ಆಯಿತು. ಫೈಂಡ್, ಬೈಂಡ್, ಕೈಂಡ್ ಕತೆಯೂ ಇದೇ. ಕ್ರಿಯಾಪದವಾಗಿ ಅದು 14ನೆಯ ಶತಮಾನದಲ್ಲಿ ಕಾಣಿಸಿಕೊಂಡಾಗ ಅರ್ಥ ‘ನೆನೆ’, ‘ನೆನಪಿಡು’ ಎಂದಷ್ಟೇ. ನೆನಪಿಡುವುದರಿಂದ ಲಕ್ಷ್ಯ ಕೊಡುವುದು, ಲಕ್ಷ್ಯದಿಂದ ಹುಷಾರಾಗಿರುವುದು ಮತ್ತು ಆರೈಕೆ ಮಾಡುವುದು. ಇನ್ನೊಂದು ಕವಲಿನಲ್ಲಿ, ಲಕ್ಷ್ಯಕ್ಕೆ ತೆಗೆದುಕೊಂಡು ಬೇಸರಿಸುವುದು. 17ನೆಯ ಶತಮಾನದ ಹೊತ್ತಿಗೆ ಆಕ್ಷೇಪದ ಅರ್ಥ ಬಂದಿತ್ತು. ಕನ್ನಡವೂ ಈ ಹಾದಿಯಲ್ಲಿ ನಡೆದಿದೆ. ‘ನೆನಪಿರಲಿ!’ ಎಂದು ಗದರುವಾಗ ಯಾರೂ ಸ್ಮರಣಶಕ್ತಿಯ ಬಗ್ಗೆ ಮಾತಾಡುತ್ತಿರುವುದಿಲ್ಲ. ‘ಮಗು ನೋಡ್ಕೋ’ ಆರೈಕೆ, ‘ನೋಡ್ಕೋ ಮತ್ತೆ!’ ಬೆದರಿಕೆ, ಪದ ಒಂದೇ.

ಆ ‘ಯೆಮ್ಯುಂಡ್’ ನಮಗೆ ಅಪರಿಚಿತವೂ ಅಲ್ಲ. ‘ಮೆನ್’ ಎಂಬ ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಧಾತುವಿಗೆ ‘ತಿ’ ಪ್ರತ್ಯಯ ಸೇರಿ ಹುಟ್ಟಿದ ಒಂದು ರೂಪ ಇಂಗ್ಲಿಷ್ ಸೇರಿದ ಜರ್ಮನಿಕ್ ಕವಲಿನ ಕಡೆ ಸಾಗಿ ಮೈಂಡ್ ಆಯಿತು, ಲ್ಯಾಟಿನ್ನಿನಲ್ಲಿ ‘ಮೆನ್ಸ್’ ಆಗಿ ‘ಮೆಂಟಲ್’ ಅನ್ನು ಕೊಟ್ಟಿತು, ಸಂಸ್ಕೃತದಲ್ಲಿ ‘ಮತಿ’ ಆಯಿತು. ಮನಸ್ಸು, ಮನನ, ಮಂತ್ರ ಆ ಧಾತುವಿನ ಇನ್ನುಳಿದ ಸಂತಾನ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ಇಂಥ ಹೋಲಿಕೆಗಳನ್ನು ಕಂಡೇ. ಕನ್ನಡ ಆ ಕುಟುಂಬದ್ದಲ್ಲ. ಮತಿ, ಮನಸ್ಸು ನಮಗೆ ಸಂಸ್ಕೃತದಿಂದ ಬಂದವು. ನಮ್ಮ ಸ್ವಂತ ಪದಗಳು ನೆನೆ, ಬಗೆ. ಹಳಗನ್ನಡದಲ್ಲಿ ‘ಬಗೆ’ ಎಂದರೆ ಮನಸ್ಸೂ ಹೌದು, ಯೋಚಿಸು ಎಂಬ ಕ್ರಿಯೆಯೂ ಹೌದು. ಮೈಂಡ್‌ನಂತೆ ಅದೂ ಜೋಡಿ ಕೆಲಸದ ಪದ.

ಎಚ್ಚರಿಕೆಯ ಅರ್ಥದ ಮೈಂಡ್ ಪ್ರಸಿದ್ಧವಾದದ್ದು ಲಂಡನ್ ಅಂಡರ್‌ಗ್ರೌಂಡಿನ ‘ಮೈಂಡ್ ದ ಗ್ಯಾಪ್’ನಿಂದ. 1968ರಲ್ಲಿ ಧ್ವನಿಮುದ್ರಿತ ಪ್ರಕಟಣೆಯಾಗಿ ಶುರುವಾಯಿತು. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಈ ಅಂತರ (ಗ್ಯಾಪ್) ಏಕೆ ಬೀಳುತ್ತದೆಂದರೆ ಕೆಲವು ಹಳೆಯ ನಿಲ್ದಾಣಗಳ ಪ್ಲಾಟ್‌ಫಾರ್ಮ್ ಬಾಗಿದೆ, ರೈಲಿನ ಬೋಗಿ ನೆಟ್ಟಗಿದೆ. ಪ್ಲಾಟ್‌ಫಾರ್ಮ್ ಒಳಕ್ಕೆ ಬಾಗಿದ್ದರೆ ಬೋಗಿಯ ಎರಡು ತುದಿ ಹತ್ತಿರ, ನಡುವಿನ ಬಾಗಿಲು ದೂರ. ಹೊರಕ್ಕೆ ಉಬ್ಬಿದ್ದರೆ ನಡು ಹತ್ತಿರ, ತುದಿಯ ಬಾಗಿಲುಗಳು ದೂರ. ಸೆಂಟ್ರಲ್ ಲೈನಿನ ಬ್ಯಾಂಕ್ ನಿಲ್ದಾಣದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಗುವಿನ ತಳ್ಳುಗಾಡಿ ಇದ್ದರೆ ಅಂಥಲ್ಲಿ ಯಾವ ಬಾಗಿಲು ಹತ್ತಿರ ಬರುತ್ತದೆಂದು ನೋಡಿಟ್ಟುಕೊಳ್ಳಿ, ಮುಂದಿನ ಚಕ್ರ ಸಿಕ್ಕಿಬೀಳುವುದು ಇಲ್ಲೇ. ಕೇಳುವಾಗ ‘ಡಿ’ ಬಹುತೇಕ ನುಂಗಿಹೋಗಿ ‘ಮೈನ್ ದ ಗ್ಯಾಪ್’ ಎಂದಿರುತ್ತದೆ. ನಟ ಆಸ್ವಾಲ್ಡ್ ಲಾರೆನ್ಸ್ ಅವರ ಹಳೆಯ ಧ್ವನಿ ಕೊನೆಗೆ ಎಂಬ್ಯಾಂಕ್‌ಮೆಂಟ್ ನಿಲ್ದಾಣದ ನಾರ್ದರ್ನ್ ಲೈನ್ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಉಳಿದಿತ್ತು. 2012ರಲ್ಲಿ ಅದನ್ನೂ ತೆಗೆದರು. ತೀರಿಹೋದ ಗಂಡನ ದನಿ ಕೇಳಲೆಂದು ಅವರ ಪತ್ನಿ ಅಲ್ಲಿಗೆ ಹೋಗಿ ಕೂರುತ್ತಿದ್ದರು ಎಂದು ತಿಳಿದ ಮೇಲೆ 2013ರಲ್ಲಿ ಆ ಒಂದು ಪ್ಲಾಟ್‌ಫಾರ್ಮಿಗೆ ಮರಳಿ ಹಾಕಿದರು. ಎಚ್ಚರಿಕೆಯ ಮೈಂಡ್ ಅಲ್ಲಿ ಮತ್ತೆ ನೆನಪಾಗಿದೆ.

ಆರೈಕೆಯ ಮೈಂಡ್ ಬೇಕಾಗುವುದು ಮಕ್ಕಳಿರುವವರಿಗೆ. ‘ಚೈಲ್ಡ್‌ಮೈಂಡರ್’ ಎಂದರೆ ತಮ್ಮ ಮನೆಯಲ್ಲಿ ಬೇರೆಯವರ ಮಕ್ಕಳನ್ನು ದುಡ್ಡಿಗೆ ನೋಡಿಕೊಳ್ಳುವವರು. ನಿಮ್ಮ ಮನೆಗೇ ಬರುವವರು ‘ನ್ಯಾನಿ’. ಈ ಗೆರೆ ಮುಖ್ಯ. ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ದುಡ್ಡಿಗೆ ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆಯಲ್ಲಿ ಅಥವಾ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲಿ ನೋಂದಾಯಿಸಿರಲೇಬೇಕು. ಸಾಮಾನ್ಯ ಲೆಕ್ಕ: 8ರೊಳಗಿನವರು ಒಟ್ಟು 6, ಅವರಲ್ಲಿ ಇನ್ನೂ ಶಾಲೆ ಸೇರದ ಚಿಕ್ಕವರು 3, ಅವರಲ್ಲಿ ಒಂದು ವರ್ಷದೊಳಗಿನ ಕೂಸು 1. ಅವರದೇ ಮಕ್ಕಳಿದ್ದರೆ ಅವರೂ ಈ ಲೆಕ್ಕದೊಳಗೇ. ಸ್ಥಳ ಖಾಲಿಯಿದೆ ಎಂದಾಗ ಇದನ್ನು ಎಣಿಸಿ ನೋಡಿ. ಊರಿನಿಂದ ಬರುವ ಅಜ್ಜಿಗೆ ಈ ನೋಂದಣಿಯ ಗೊಡವೆಯಿಲ್ಲ. ಆದರೆ ವಿಸಿಟರ್ ವೀಸಾದಲ್ಲಿ ಬಂದವರು ಸ್ವಲ್ಪ ದಿನ ಮೊಮ್ಮಗುವನ್ನು ನೋಡಿಕೊಳ್ಳಬಹುದೇ ಹೊರತು, ಅದೇ ಕೆಲಸಕ್ಕೆ ಬಂದಂತಿರಬಾರದು. ಗಡಿಯ ಅಧಿಕಾರಿಯ ಮುಂದೆ ‘ಚೈಲ್ಡ್‌ಮೈಂಡಿಂಗ್’ ಎಂಬ ಪದ ಬಾಯಿಗೆ ಬಂದರೆ ಅವರಿಗೆ ಕೇಳಿಸುವುದು ನೌಕರಿ. ಅಜ್ಜಿ ಬಂದದ್ದು ಮಕ್ಕಳನ್ನು ಕಾಣಲು ಎಂದಿದ್ದರೆ ಹಾಗೆಂದೇ ಹೇಳಲಿ.

ಕೌನ್ಸಿಲ್ಲಿನ, ಇಲಾಖೆಗಳ ಪತ್ರದಲ್ಲಿ ‘ಮೈಂಡೆಡ್ ಟು’ ಕಂಡರೆ ಗಾಬರಿ ಬೇಡ, ಸಂಭ್ರಮವೂ ಬೇಡ. ‘ಮೈಂಡೆಡ್ ಟು ರೆಫ್ಯೂಸ್’ ಎಂದರೆ ನಿರಾಕರಿಸುವ ಮನಸ್ಸಿದೆ, ಇನ್ನೂ ನಿರಾಕರಿಸಿಲ್ಲ. ಇಂಥ ಪತ್ರದಲ್ಲಿ ಸಾಮಾನ್ಯವಾಗಿ ಉತ್ತರ ಕೊಡಲು ಒಂದು ಗಡುವು ಇರುತ್ತದೆ. ಮೊದಲು ಹುಡುಕಬೇಕಾದ್ದು ಆ ತಾರೀಖನ್ನು.

ನಾವು ಜೊತೆಗೆ ತರುವ ಮೈಂಡ್‌ಗಳೂ ಇವೆ. ‘ಪ್ಲೀಸ್ ಡೋಂಟ್ ಮೈಂಡ್, ಬಟ್...’ ಎಂದು ಶುರು ಮಾಡುವುದು ನಮ್ಮ ‘ಬೇಜಾರು ಮಾಡ್ಕೋಬೇಡಿ’. ಇಲ್ಲಿಯ ಕಿವಿಗೆ ಅದು ಅಪ್ಪಣೆಯಂತಿರುತ್ತದೆ; ‘ಐ ಹೋಪ್ ಯು ಡೋಂಟ್ ಮೈಂಡ್ ಮಿ ಆಸ್ಕಿಂಗ್’ ಎಂದರೆ ಅದೇ ಸಂಕೋಚ ದಾಟುತ್ತದೆ. ‘ಮೈಂಡ್ ಇಟ್!’ ಭಾರತದಲ್ಲಷ್ಟೇ ಗದರಿಕೆ. ಬೆಂಗಳೂರಿನ ಆಫೀಸಿನಲ್ಲಿ ಮಲಯಾಳಿ ಗೆಳೆಯರು ‘ಅವನು ಮೈಂಡ್ ಮಾಡಲಿಲ್ಲ’ ಎನ್ನುವುದು ಕ್ಯಾರೇ ಅನ್ನಲಿಲ್ಲ ಎಂಬರ್ಥದಲ್ಲಿ. ನಾವು ನಕ್ಕರೂ, ಲಕ್ಷ್ಯ ಕೊಡು ಎಂಬ ಹಳೆಯ ಇಂಗ್ಲಿಷ್ ಅರ್ಥಕ್ಕೆ ಹತ್ತಿರವಿರುವವರು ಅವರೇ. ಅಮೆರಿಕದಲ್ಲಿ, ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ, ‘ಮೈಂಡ್ ಯುವರ್ ಮದರ್’ ಎಂದರೆ ಅಮ್ಮನನ್ನು ನೋಡಿಕೋ ಅಂತಲ್ಲ, ಅಮ್ಮನ ಮಾತು ಕೇಳು ಅಂತ.

ಮೂಲದ ನೆನಪು ಇನ್ನೂ ಜೀವಂತವಾಗಿರುವುದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ. ಗ್ಲಾಸ್ಗೋದಲ್ಲಿ ‘ಡು ಯು ಮೈಂಡ್ ದಟ್ ಡೇ?’ ಎಂದರೆ ‘ಆ ದಿನ ನೆನಪಿದೆಯಾ?’, ಇಲ್ಲಿ ಮಾತ್ರ ‘ಯೆಸ್’ ಸರಿಯುತ್ತರ. ‘ಮೈಂಡ್ ಆ್ಯಂಡ್ ಗೆಟ್ ದ ಮಿಲ್ಕ್’ ಎಂದರೆ ಹಾಲು ತರುವುದನ್ನು ಮರೆಯಬೇಡ. ನೆನಪಿಗೆಂದು ಕೊಡುವ ಸಣ್ಣ ಉಡುಗೊರೆಗೆ ‘ಮೈಂಡಿಂಗ್’ ಎಂದೇ ಹೆಸರು. ಐರ್ಲೆಂಡಿನ ಕ್ಯಾಥೊಲಿಕ್ ಮನೆಗಳಲ್ಲಿ ಸಾವಾಗಿ ತಿಂಗಳಾದಾಗ ಚರ್ಚಿನಲ್ಲಿ ಪೂಜೆ ಮಾಡಿಸುತ್ತಾರೆ, ಅದು ‘ಮಂತ್ಸ್ ಮೈಂಡ್’. ಡಬ್ಲಿನ್ನಿನ ಆಫೀಸಿನಲ್ಲಿ ಯಾರಾದರೂ ಈ ಪದ ಹೇಳಿ ರಜೆ ಹಾಕಿದರೆ, ನಮ್ಮಲ್ಲಿ ಮೊದಲ ತಿಂಗಳ ಮಾಸಿಕಕ್ಕೆ ಹೋದರೆಂದು ತಿಳಿಯಿರಿ. ಮೀಟಿಂಗನ್ನು ಬೇರೆ ದಿನಕ್ಕೆ ಹಾಕಿ, ಮರುದಿನ ಒಂದು ಮಾತು ವಿಚಾರಿಸಿ. ಅಲ್ಲಿ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತ ಹಿರಿಯರು ‘ಮೈಂಡ್ ಯುವರ್‌ಸೆಲ್ಫ್’ ಎನ್ನುತ್ತಾರೆ. ಬಾಗಿಲಿನ ಚೌಕಟ್ಟಿಗೆ ತಲೆ ಬಡಿಯುತ್ತದೇನೋ ಎಂದು ಮೇಲೆ ನೋಡಬೇಕಾಗಿಲ್ಲ; ‘ಹುಷಾರಾಗಿ ಹೋಗಿ ಬಾಪ್ಪಾ’ ಅಂತ. ‘ಯು ಟೂ’ ಎಂದು ಹೊರಡಬಹುದು.